ಗುಡಿಸ್ದೆ ಸಾರ್ಸಿದ್ರೆ ಆಯ್ತಾ

ನಮ್ಮ ಮಾವ, ಅಂದ್ರೆ ಅಮ್ಮನ ತಮ್ಮ, 1986ರಲ್ಲಿ ತಗೊಂಡಿದ್ದ ರಾಜದೂತ್ 350 ಈಗ ನನ್ನ ಹತ್ರ ಇದೆ. ತುಮಕೂರಲ್ಲಿ ಯಾರೂ ಅದನ್ನ ರಾಜದೂತ್ ಅನ್ನಲ್ಲ, ಆರ್‌ಡಿ ಅಂತಾನೇ ಅಂತಾರೆ. ಯಮಹಾದ ಆರ್‌ಡಿ350ನ ಎಸ್ಕಾರ್ಟ್ಸ್‌ನೋರು 1983ರಿಂದ ನಮ್ಮ ದೇಶದಲ್ಲಿ ಈ ಹೆಸರಲ್ಲಿ ಮಾರಿದ್ರು, 347 ಸಿಸಿ, ಟೂ ಸ್ಟ್ರೋಕ್, ಆರು ಗೇರ್, ಎರಡು ಸಿಲಿಂಡರ್, ಒಂದೊಂದಕ್ಕೆ ಒಂದೊಂದು ಮಿಕುನಿ ಕಂಪನಿ ಕಾರ್ಬೋರೇಟರ್, ಅಂದ್ರೆ ಪೆಟ್ರೋಲು ಗಾಳಿ ಬೆರೆಸಿ ಇಂಜಿನಿಗೆ ಕೊಡೋದು. ನಾನೀಗ ಹೇಳ್ತಿರೋದು ಆ ಎರಡು ಕಾರ್ಬೋರೇಟರ್ ಕಥೆ.

ಆರು ತಿಂಗಳಿಂದ ಗಾಡಿ ಸ್ಲೋ ನಿಲ್ತಾ ಇರ್ಲಿಲ್ಲ. ಬಿ.ಎಚ್. ರೋಡ್ ಸಿಗ್ನಲಲ್ಲಿ ರೇಸ್ ಕೊಡ್ತಾನೇ ಇರ್ಬೇಕು, ಕೈ ಬಿಟ್ರೆ ಆಫ್. ಮೂರನೇ ಗೇರಲ್ಲಿ ನಿಧಾನಕ್ಕೆ ಹೋದ್ರೆ ಎಳೆದೆಳೆದು ಬಿಡೋದು, ಅದೇ ಸ್ವಲ್ಪ ಜೋರು ತಿರುವಿದ್ರೆ ಎಲ್ಲ ಸರಿಹೋಗಿ ಹಾರ್ಕೊಂಡು ಹೋಗೋದು. ಒಂದು ಗ್ಯಾರೇಜಲ್ಲಿ ತೋರ್ಸಿದೆ, ಟ್ಯೂನಿಂಗ್ ಹೋಗಿದೆ ಅಂತ ಸ್ಕ್ರೂ ತಿರುವಿ ಕೊಟ್ರು, ಎರಡು ವಾರ ಚೆನ್ನಾಗಿತ್ತು, ಮತ್ತೆ ಅದೇ ಕಥೆ. ಆಮೇಲಾಮೇಲೆ ನಾನೇ ಸ್ಕ್ರೂಡ್ರೈವರ್ ಇಟ್ಕೊಂಡು ಐಡ್ಲಿಂಗ್ ಏರಿಸೋದು, ಕೇಬಲ್ ಬಿಗಿ ಮಾಡೋದು ಕಲ್ತೆ. ಎರಡೂ ಕಾರ್ಬೋರೇಟರ್ ಜೋಡಿ ಆಗಿಲ್ಲ, ಅಷ್ಟೇ ತೊಂದ್ರೆ ಅಂತ ನಂಬ್ಕೊಂಡಿದ್ದೆ.

ಯುಗಾದಿಗೆ ಮಾವ ಬಂದಿದ್ರು. ಮಂಡಿ ನೋವು, ಅವರೀಗ ಗಾಡಿ ಓಡ್ಸಲ್ಲ, ಆದ್ರೆ ಕಿವಿ ಹಂಗೇ ಇದೆ. ಅಂಗಳದಲ್ಲಿ ಕುರ್ಚಿ ಹಾಕ್ಕೊಂಡು ಕೂತು ನಾನು ಸ್ಟಾರ್ಟ್ ಮಾಡಿದ್ದನ್ನ ಕೇಳಿದ್ರು. "ಆಫ್ ಮಾಡೋ. ಪ್ಲಗ್ ಬಿಚ್ಚು, ಎರಡೂ" ಅಂದ್ರು.

ಬಲಗಡೆ ಪ್ಲಗ್ ಕಾಫಿಪುಡಿ ಬಣ್ಣ, ಇರ್ಬೇಕಾದಂಗೇ ಇತ್ತು. ಎಡಗಡೇದು ವಿಭೂತಿ ತರ ಬೆಳ್ಳಗೆ. ಅಂದ್ರೆ ಎಡ ಸಿಲಿಂಡರಿಗೆ ಗಾಳಿ ಹೋಗ್ತಿದೆ, ಅದಕ್ಕೆ ತಕ್ಕಷ್ಟು ಪೆಟ್ರೋಲ್ ಹೋಗ್ತಿಲ್ಲ. ಟೂ ಸ್ಟ್ರೋಕಲ್ಲಿ ಇದು ಸಣ್ಣ ವಿಷಯ ಅಲ್ಲ. ಪೆಟ್ರೋಲ್ ಕಮ್ಮಿ ಆದ್ರೆ ಬಿಸಿ ಜಾಸ್ತಿ ಆಗುತ್ತೆ, ಬಿಸಿ ಜಾಸ್ತಿ ಆದ್ರೆ ಪಿಸ್ಟನ್ ಸಿಲಿಂಡರ್ ಗೋಡೆಗೆ ಕಚ್ಕೊಳ್ಳುತ್ತೆ. ಘಾಟಿ ಇಳಿವಾಗ ಥ್ರಾಟಲ್ ಮುಚ್ಚಿ ಬರ್ತೀವಲ್ಲ, ಆಗ ಪೆಟ್ರೋಲ್ ಬರೋದು ಬರೀ ಪೈಲಟ್ ಜೆಟ್ ಅನ್ನೋ ಕಾರ್ಬೋರೇಟರ್ ಒಳಗಿನ ಸಣ್ಣ ತೂತಿಂದ, ಇಂಜಿನಿಗೆ ಆಯಿಲ್ ಕೊಡೋ ಪಂಪೂ ಆಗ ಕಮ್ಮಿನೇ ಕೊಡ್ತಿರುತ್ತೆ. ನಾನು ಈ ಸ್ಥಿತಿಲಿ ದೇವರಾಯನದುರ್ಗ ನಾಲ್ಕು ಸಲ ಹತ್ತಿ ಇಳಿದಿದ್ದೀನಿ. ಈಗ ನೆನೆಸ್ಕೊಂಡ್ರೆ ಎದೆ ಝಲ್ ಅನ್ನುತ್ತೆ.

ಟ್ಯೂನಿಂಗ್ ಮಾಡಿಸ್ತಾನೇ ಇದ್ದೀನಲ್ಲ ಮಾವ ಅಂದಿದ್ದಕ್ಕೆ, "ಮನೆ ಕಸ ಗುಡಿಸ್ದೆ ಸಾರ್ಸಿದ್ರೆ ಆಯ್ತೇನೋ?" ಅಂದ್ರು. ಅಲ್ಲಿಗೆ ನಂಗೆ ಗೊತ್ತಾಯ್ತು ಆರು ತಿಂಗಳಿಂದ ಏನು ಮಾಡ್ತಿದ್ದೆ ಅಂತ.

ಎರಡೂ ಕಾರ್ಬೋರೇಟರ್ ಬಿಚ್ಚಿದ್ವಿ. ಫ್ಲೋಟ್ ಬೌಲ್, ಅಂದ್ರೆ ತಳದಲ್ಲಿ ಪೆಟ್ರೋಲ್ ನಿಲ್ಲೋ ಬಟ್ಟಲು, ಅದರ ಸ್ಕ್ರೂ ಬಗ್ಗೆ ಒಂದು ಮಾತು ಹೇಳ್ಲೇಬೇಕು, ಅದು ನೋಡೋಕೆ ನಮ್ಮ ಮಾಮೂಲಿ ಸ್ಟಾರ್ ಸ್ಕ್ರೂ ತರಾನೇ ಇರುತ್ತೆ, ಆದ್ರೆ ಜಪಾನಿನ ಅಳತೆದು, ಮಾಮೂಲಿ ಸ್ಟಾರ್ ಡ್ರೈವರ್ ಹಾಕಿ ತಿರುವಿದ್ರೆ ಜಾರಿ ಜಾರಿ ತಲೆ ಸವೆದು ಹೋಗುತ್ತೆ. ನಮ್ಮದ್ರಲ್ಲಿ ಎರಡು ಆಗ್ಲೇ ಸವೆದಿತ್ತು. ಜೆಐಎಸ್ ಅಂತ ಕೇಳಿ ತಗೊಳಿ, ಒಂದೇ ಒಂದು ಡ್ರೈವರ್ ಸಾಕು.

ಅಮ್ಮನ ಎರಡು ಸ್ಟೀಲ್ ತಟ್ಟೆ ತಂದು ಎಡದ್ದು ಒಂದ್ರಲ್ಲಿ, ಬಲದ್ದು ಒಂದ್ರಲ್ಲಿ ಬಿಚ್ಚಿಟ್ವಿ, ಬೆರೆಸ್ಬಾರ್ದು. ಎಡಗಡೆ ಬೌಲ್ ತೆಗೆದ್ರೆ ತಳದಲ್ಲಿ ಜೋನಿಬೆಲ್ಲ ಗಟ್ಟಿಯಾದಂಗೆ ಕಂದು ಅಂಟು, ಹುಳಿ ವಾಸನೆ. ಮಳೆಗಾಲದಲ್ಲಿ ಎರಡು ತಿಂಗಳು ಗಾಡಿ ತೆಗೆಯದೆ ನಿಲ್ಸಿದ್ದೆ. ಈಗ ಬಂಕಲ್ಲಿ ಬರೋ ಇ20 ಪೆಟ್ರೋಲಲ್ಲಿ 20 ಪರ್ಸೆಂಟ್ ಎಥೆನಾಲ್ ಇರುತ್ತೆ, ಎಥೆನಾಲ್ ಗಾಳಿಲಿರೋ ತೇವ ಹೀರ್ಕೊಳ್ಳುತ್ತೆ, ಹಳೇ ಗಾಡಿ ರಬ್ಬರಿಗೂ ಆಗಿಬರಲ್ಲ. ನಿಲ್ಸೋದಾದ್ರೆ ಪೆಟ್ರೋಲ್ ಕಾಕ್ ಮುಚ್ಚಿ ಬೌಲ್ ಖಾಲಿ ಮಾಡ್ಬೇಕಿತ್ತು, ಮಾಡಿರ್ಲಿಲ್ಲ.

ಪೈಲಟ್ ಜೆಟ್ ಅಂದ್ರೆ ಒಂದು ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡ ಹಿತ್ತಾಳೆ ಸ್ಕ್ರೂ, ನಡುವೆ ಕೂದಲು ತೂರೋಷ್ಟು ತೂತು. ಬಲಗಡೇದನ್ನ ಬಿಸಿಲಿಗೆ ಹಿಡಿದು ನೋಡಿದ್ರೆ ಒಳಗಡೆ ನಕ್ಷತ್ರದಂಗೆ ಒಂದು ಚುಕ್ಕಿ ಬೆಳಕು ಕಾಣ್ತು. ಎಡಗಡೇದು ಪೂರ್ತಿ ಕತ್ತಲು. ನಾನು ತಂತಿ ಹುಡುಕ್ತಿದ್ದೆ, ಮಾವ ಬೈದ್ರು. ಹಿತ್ತಾಳೆ ಮೆತ್ತಗಿನ ಲೋಹ, ತಂತಿಲಿ ಚುಚ್ಚಿದ್ರೆ ತೂತು ದೊಡ್ಡದಾಗುತ್ತೆ, ಆಮೇಲೆ ಆ ಜೆಟ್ ಬಿಸಾಕ್ಬೇಕು. ಕಾರ್ಬ್ ಕ್ಲೀನರಲ್ಲಿ ರಾತ್ರಿಯೆಲ್ಲ ನೆನೆಹಾಕಿ, ಬೆಳಗ್ಗೆ ನೈಲಾನ್ ಬ್ರಷ್ಷಿನ ಒಂದೇ ಒಂದು ಎಳೆ ತೂರ್ಸಿ, ಗಾಳಿ ಹೊಡ್ದು, ಮತ್ತೆ ನೆನೆಹಾಕಿ, ಹಿಂಗೆ ಮಧ್ಯಾಹ್ನದವರೆಗೂ ಆಯ್ತು. ಊಟಕ್ಕೆ ಕರೀತಿದ್ರೂ ಹೋಗದೆ ಬಿಸಿಲಿಗೆ ಹಿಡ್ಕೊಂಡೇ ನಿಂತಿದ್ದೆ, ಕೊನೆಗೆ ಆ ಚುಕ್ಕಿ ಕಾಣ್ತು. ನಾನು ಕೂಗಿದ್ದಕ್ಕೆ ಅಮ್ಮ ಗಾಬರಿಯಾಗಿ ಓಡಿ ಬಂದ್ರು.

ಜೋಡ್ಸಿ ಆದ್ಮೇಲೆ ಸಿಂಕ್, ಅಂದ್ರೆ ಎರಡೂ ಕಾರ್ಬೋರೇಟರ್ ಒಂದೇ ಸಮ ಮಾಡೋದು. ಮೀಟರು ಗೀಟರು ಏನೂ ಇಲ್ಲ. ಆರ್‌ಡಿಲಿ ಹ್ಯಾಂಡಲಿಂದ ಬರೋ ಒಂದೇ ಕೇಬಲ್ ಮಧ್ಯದಲ್ಲಿ ಕವಲಾಗಿ ಎರಡು ಕಾರ್ಬೋರೇಟರಿಗೂ ಆಯಿಲ್ ಪಂಪಿಗೂ ಹೋಗುತ್ತೆ, ಕೈ ತಿರುವಿದ ತಕ್ಷಣ ಎರಡರ ಒಳಗೂ ಗಾಳಿ ದಾರಿಗೆ ಬಾಗಿಲಂಗಿರೋ ಸ್ಲೈಡ್ ಒಟ್ಟಿಗೇ ಏಳ್ಬೇಕು. ಏರ್ ಫಿಲ್ಟರ್ ತೆಗೆದು ಒಂದೇ ಅಳತೆ ಎರಡು ಡ್ರಿಲ್ ಬಿಟ್ ತಂದು, ಹಿಂದ್ಗಡೆಯಿಂದ ಒಂದೊಂದು ಸ್ಲೈಡಿನ ಕೆಳಗೆ ಒಂದೊಂದು ಸಿಕ್ಸಿ, ಕೆಳಗಡೆ ಅದೇ ತಟ್ಟೆ ಇಟ್ವಿ. ನಿಧಾನಕ್ಕೆ ಥ್ರಾಟಲ್ ತಿರುವಿದ್ರೆ ಸ್ಲೈಡ್ ಎದ್ದಾಗ ಬಿಟ್ ಸಡಿಲಾಗಿ ತಟ್ಟೆಗೆ ಬೀಳುತ್ತೆ. ಮೊದ್ಲು ಟಣ್... ಟಣ್ ಅಂತು. ಎಡಗಡೇದು ಮುಂಚೆ, ಯಾಕಂದ್ರೆ ತೂತು ಕಟ್ಟಿರೋದನ್ನ ಮುಚ್ಚಾಕೋಕೆ ಅದೇ ಸ್ಲೈಡನ್ನ ಎಲ್ಲರೂ ಸೇರಿ ಏರಿಸಿ ಇಟ್ಟಿದ್ವಿ. ಕಾರ್ಬೋರೇಟರ್ ತಲೆ ಮೇಲಿನ ಅಡ್ಜಸ್ಟರ್ ಕಾಲು ಸುತ್ತು, ಮತ್ತೆ ಬಿಟ್ ಇಟ್ಟು ತಿರುವೋದು. ಮಾವ ಕಣ್ಣು ಮುಚ್ಕೊಂಡು ಬರೀ ಕೇಳ್ತಿದ್ರು. "ಇನ್ನೂ ಎರಡಿದೆ... ಇನ್ನೂ ಎರಡು..." ಏಳನೇದೋ ಎಂಟನೇದೋ ಸಲ ಒಂದೇ ಒಂದು ಟಣ್ ಅಂತು. ಕಣ್ಣು ಬಿಟ್ಟು ತಲೆ ಆಡ್ಸಿದ್ರು. ಆಯಿಲ್ ಪಂಪ್ ಕೇಬಲ್ಲೂ ಅದರ ಗುರುತಿಗೆ ಸರಿಮಾಡಿದ್ವಿ, ಅದನ್ನ ಮಾತ್ರ ಯಾರೂ ಮರೀಬೇಡಿ.

ಗಾಳಿ ಹೆಚ್ಚುಕಮ್ಮಿ ಮಾಡೋ ಏರ್ ಸ್ಕ್ರೂ ಪೂರ್ತಿ ಒಳಗೆ ಹಾಕಿ ಒಂದೂವರೆ ಸುತ್ತು ಹೊರಗೆ, ಎರಡಕ್ಕೂ. ಸ್ಟಾರ್ಟ್ ಮಾಡಿ, ಇಂಜಿನ್ ನಿಮಿಷಕ್ಕೆ ಎಷ್ಟು ಸುತ್ತುತ್ತೆ ಅಂತ ತೋರ್ಸೋ ಟ್ಯಾಕೋ ಮೀಟರ್ 1,300ರ ಹತ್ರ ನಿಲ್ಸಿ, ಮಾವ ಕುರ್ಚಿ ಹಿಂದಕ್ಕೆ ಎಳ್ಕೊಂಡು ಒಂದೊಂದು ಸೈಲೆನ್ಸರ್ ಹಿಂದೆ ಒಂದೊಂದು ಅಂಗೈ ಹಿಡಿದು ಕೂತ್ರು. ಎಡಗಡೆ ಸ್ವಲ್ಪ ಕಮ್ಮಿ ಹೊಡೀತಿದೆ ಅಂದ್ರು, ಐಡಲ್ ಸ್ಕ್ರೂ ಕೂದಲೆಳೆಯಷ್ಟು ತಿರುವಿದೆ, ಸರಿ ಅಂದ್ರು. ನನ್ನ ಕೈಯನ್ನೂ ಹಿಡಿಸಿದ್ರು. ಎರಡು ಅಂಗೈಗೂ ಬೆಚ್ಚಗೆ ಒಂದೇ ಸಮ ಬಡೀತಿತ್ತು.

ಸಂಜೆ ನಾನೊಬ್ಬನೇ ದುರ್ಗಕ್ಕೆ ಹೊರಟೆ. ಕಾಡಿನ ದಾರೀಲಿ ಮೂರನೇ ಗೇರಲ್ಲಿ ಬೇಕಂತಾನೇ ನಿಧಾನಕ್ಕೆ ಹೋದೆ, ಎಳೆದಾಟ ಇಲ್ಲ, ತಿರುವಲ್ಲಿ ಥ್ರಾಟಲ್ ಮುಚ್ಚಿ ತೆಗೆದ್ರೂ ಒಂದು ಮಿಸ್ಸಿಂಗ್ ಇಲ್ಲ. ಮೇಲೆ ಹೋಗಿ ನಿಲ್ಸಿ, ಆರೋಕೆ ಬಿಟ್ಟು, ಎರಡೂ ಪ್ಲಗ್ ಬಿಚ್ಚಿ ಮಾವಂಗೆ ಕಳಿಸೋಣ ಅಂತ ಕಟ್ಟೆ ಮೇಲಿಟ್ಟು ಫೋಟೋ ತೆಗೆದೆ. ಎರಡೂ ಒಂದೇ ಕಾಫಿಪುಡಿ ಬಣ್ಣ. ಆಮೇಲೆ ಹಾಕೋಕೆ ಕೈಗೆ ತಗೊಂಡ್ರೆ ಯಾವ್ದು ಎಡದ್ದು, ಯಾವ್ದು ಬಲದ್ದು ಅಂತ ನಂಗೇ ಗೊತ್ತಾಗ್ಲಿಲ್ಲ.