ಜಾವಾದಲ್ಲಿ ಸ್ಟ್ಯಾಟಿಕ್ ಯುಟಿಲಿಟಿಗಳಿಗೆಲ್ಲ ಒಂದೇ ಬಾಗಿಲು

ಪಠ್ಯ, ದಿನಾಂಕ, ಕಡತ ಎಂಬ ಮೂರು ಯುಟಿಲಿಟಿ ಕ್ಲಾಸುಗಳಿವೆ ಎನ್ನಿ. ಮೂರರಲ್ಲೂ ಬರೀ ಸ್ಟ್ಯಾಟಿಕ್ ಮೆಥಡ್‌ಗಳು, ಅಂದರೆ ಆಬ್ಜೆಕ್ಟ್ ಸೃಷ್ಟಿಸದೆ ಕ್ಲಾಸಿನ ಹೆಸರಿನಿಂದಲೇ ಕರೆಯುವಂಥವು. ‘ಸಾಧನ’ ಎಂಬ ಒಂದು ಕ್ಲಾಸಿನ ಹೆಸರು ಬರೆದು ಚುಕ್ಕಿ ಇಟ್ಟರೆ ಸಾಕು, ಎಡಿಟರ್ ಮೂರನ್ನೂ ತೋರಿಸಬೇಕು. ಆಸೆ ನ್ಯಾಯವಾದದ್ದೇ. ಆದರೆ ಜಾವಾದಲ್ಲಿ ಕ್ಲಾಸಿನ ಹೆಸರನ್ನು ವೇರಿಯಬಲ್‌ನಲ್ಲಿ ಹಾಕಿಡಲು ಬರುವುದಿಲ್ಲ.

ಹಾಗಾಗಿ ಅನೇಕರು ಸಾಧನದೊಳಗೆ ಪಠ್ಯ ಟೈಪಿನ ಪಬ್ಲಿಕ್ ಸ್ಟ್ಯಾಟಿಕ್ ಫೈನಲ್ ಫೀಲ್ಡ್ ಇಡುತ್ತಾರೆ. ಪಠ್ಯದ ಕನ್‌ಸ್ಟ್ರಕ್ಟರ್ ಪ್ರೈವೇಟ್ ಆಗಿದ್ದರೆ ಆಬ್ಜೆಕ್ಟ್ ಸೃಷ್ಟಿಸಲಾಗದು, ಆಗ ಫೀಲ್ಡಿಗೆ ನಲ್ (ಯಾವ ಆಬ್ಜೆಕ್ಟೂ ಇಲ್ಲ ಎಂಬ ಗುರುತು) ಕೊಡುತ್ತಾರೆ. ಅಚ್ಚರಿಯೆಂದರೆ ಅದೂ ಓಡುತ್ತದೆ! ಸ್ಟ್ಯಾಟಿಕ್ ಕರೆ ಯಾವ ಕ್ಲಾಸಿಗೆ ಹೋಗಬೇಕೆಂಬುದನ್ನು ಕಂಪೈಲರ್ ಫೀಲ್ಡಿನ ಟೈಪ್ ನೋಡಿಯೇ ನಿರ್ಧರಿಸುತ್ತದೆ, ಒಳಗಿರುವ ಆಬ್ಜೆಕ್ಟ್ ಲೆಕ್ಕಕ್ಕಿಲ್ಲ. ದಯವಿಟ್ಟು ಇದನ್ನು ಬಳಸಬೇಡಿ. ನಾಳೆ ಯಾರೋ ಒಂದು ಮೆಥಡ್‌ನಿಂದ ‘ಸ್ಟ್ಯಾಟಿಕ್’ ತೆಗೆದರೆ ಕಂಪೈಲರ್ ಸುಮ್ಮನಿರುತ್ತದೆ, ಓಡುವಾಗ ನಲ್ ಪಾಯಿಂಟರ್ ಎಕ್ಸೆಪ್ಷನ್ ಬೀಳುತ್ತದೆ. ಅನುಮಾನ ಹುಟ್ಟಿಸುವ ಕೋಡ್ ತೋರಿಸುವ, ಜಾವಾ ಕಂಪೈಲರಿನ ಲಿಂಟ್ ಆಯ್ಕೆಯಲ್ಲಿ ‘ಸ್ಟ್ಯಾಟಿಕ್’ ಸೇರಿಸಿದರೆ ಇಂಥ ಕರೆಗಳಿಗೆಲ್ಲ ಎಚ್ಚರಿಕೆ ಸಿಗುತ್ತದೆ.

ಸರಿಯಾದ ದಾರಿ ಸ್ಟ್ಯಾಟಿಕ್ ನೆಸ್ಟೆಡ್ ಕ್ಲಾಸ್, ಅಂದರೆ ಕ್ಲಾಸಿನೊಳಗೆ ಬರೆದ ಸ್ಟ್ಯಾಟಿಕ್ ಕ್ಲಾಸ್. ಸಾಧನದೊಳಗೆ ಪಠ್ಯವನ್ನೇ ಬರೆದರೆ ‘ಸಾಧನ.ಪಠ್ಯ.ಖಾಲಿಯೇ(ಹೆಸರು)’ ಎಂದು ಕರೆಯಬಹುದು. ಸಾಧನ ಲೋಡ್ ಆದರೂ ಒಳಗಿನ ಕ್ಲಾಸುಗಳು ಮೊದಲ ಬಳಕೆಯವರೆಗೆ ಇನಿಷಿಯಲೈಸ್ ಆಗುವುದಿಲ್ಲ. ಹೊರಗಿನ ಹಳೆಯ ಕ್ಲಾಸನ್ನು ಒಳತರಬೇಕೇ? ಖಾಲಿ ನೆಸ್ಟೆಡ್ ಕ್ಲಾಸಿನಿಂದ ಅದನ್ನು ಎಕ್ಸ್‌ಟೆಂಡ್ ಮಾಡಿ, ಸ್ಟ್ಯಾಟಿಕ್ ಮೆಥಡ್‌ಗಳು ಜೊತೆಗೇ ಬರುತ್ತವೆ. ಎರಡಕ್ಕೂ ಒಂದೇ ಹೆಸರಿದ್ದರೆ ಎಕ್ಸ್‌ಟೆಂಡ್ಸ್ ಮುಂದೆ ಪ್ಯಾಕೇಜ್ ಸಹಿತ ಪೂರ್ಣ ಹೆಸರು ಬೇಕು. ಇಲ್ಲವಾದರೆ ಕ್ಲಾಸ್ ತನ್ನನ್ನೇ ಎಕ್ಸ್‌ಟೆಂಡ್ ಮಾಡಿದಂತಾಗಿ ‘ಸೈಕ್ಲಿಕ್ ಇನ್‌ಹೆರಿಟೆನ್ಸ್’ ದೋಷ ಬರುತ್ತದೆ. ಹಳೆಯ ಕ್ಲಾಸ್ ಫೈನಲ್ ಆಗಿದ್ದರೆ, ಅಥವಾ ಅದರ ಕನ್‌ಸ್ಟ್ರಕ್ಟರ್ ಪ್ರೈವೇಟ್ ಆಗಿದ್ದರೆ (ಒಳ್ಳೆಯ ಯುಟಿಲಿಟಿ ಕ್ಲಾಸುಗಳು ಸಾಮಾನ್ಯವಾಗಿ ಹಾಗೇ ಇರುತ್ತವೆ), ಈ ದಾರಿ ಮುಚ್ಚಿದಂತೆ. ಇಂಟರ್‌ಫೇಸಿನ ಸ್ಟ್ಯಾಟಿಕ್ ಮೆಥಡ್‌ಗಳಂತೂ ಇನ್‌ಹೆರಿಟ್ ಆಗುವುದೇ ಇಲ್ಲ.

ಟೆಸ್ಟಿನಲ್ಲಿ ಬದಲಿ ಇಡಬೇಕಾದ ಕೆಲಸಕ್ಕೆ, ಉದಾಹರಣೆಗೆ ಈಗಿನ ಸಮಯ ಓದುವುದಕ್ಕೆ, ಸ್ಟ್ಯಾಟಿಕ್ ಬೇಡ. ಇಂಟರ್‌ಫೇಸ್ ಮಾಡಿ, ಆಬ್ಜೆಕ್ಟನ್ನು ಕನ್‌ಸ್ಟ್ರಕ್ಟರ್ ಮೂಲಕ ಕೊಡಿ. ಅಂಥ ಆಬ್ಜೆಕ್ಟುಗಳನ್ನೆಲ್ಲ ಸಾಧನದ ಸ್ಟ್ಯಾಟಿಕ್ ಫೀಲ್ಡುಗಳಲ್ಲಿ ತುಂಬಿದರೆ ಒಂದರ ಕನ್‌ಸ್ಟ್ರಕ್ಟರ್ ಎಡವಿದರೂ ಇಡೀ ಸಾಧನ ಹೋಯಿತು. ಮೊದಲ ಸಲ ‘ಎಕ್ಸೆಪ್ಷನ್ ಇನ್ ಇನಿಷಿಯಲೈಸರ್ ಎರರ್’, ಆಮೇಲೆ ಪ್ರತಿ ಸಲವೂ ‘ನೋ ಕ್ಲಾಸ್ ಡೆಫ್ ಫೌಂಡ್ ಎರರ್’. ಲಾಗಿನಲ್ಲಿ ಎರಡನೆಯದೇ ಸಾಲುಸಾಲಾಗಿ ಕಂಡರೆ ಮೇಲಕ್ಕೆ ಹೋಗಿ ಮೊದಲನೆಯದನ್ನು ಹುಡುಕಿ, ಮೂಲ ಕಾರಣ ಇರುವುದು ಅಲ್ಲಿ.

ಇನ್ನು ಕರೆಯುವ ಸಾಲು ಚಿಕ್ಕದಾಗಬೇಕು ಎಂಬಷ್ಟೇ ಆಸೆಯಾದರೆ ಸಾಧನವೇ ಬೇಡ. ಕ್ಲಾಸಿನ ಹೆಸರು ಬರೆಯದೆಯೇ ಮೆಥಡ್ ಕರೆಯಲು ಬಿಡುವ, ಜಾವಾ 5ರಿಂದಲೂ ಇರುವ ಸ್ಟ್ಯಾಟಿಕ್ ಇಂಪೋರ್ಟ್ ಸಾಕು.