ಓದದೆ ಕೈಯೆತ್ತುವವರು, ಓದದೆ ಸಹಿ ಹಾಕುವವರು

ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ ಚಳಿಗಾಲದ ಅಧಿವೇಶನ ನಡೆಯುವಾಗ ಪತ್ರಿಕೆಗಳಲ್ಲಿ ಧರಣಿ, ಸಭಾತ್ಯಾಗ, ಉತ್ತರ ಕರ್ನಾಟಕದ ಅಭಿವೃದ್ಧಿಯ ಮಾತುಗಳೇ ತುಂಬಿರುತ್ತವೆ. ಗದ್ದಲದ ನಡುವೆ ಧ್ವನಿಮತದಿಂದ ಅಂಗೀಕಾರವಾದ ಮಸೂದೆಗಳಿಗೆ ಸಿಗುವುದು ಒಳಪುಟದ ನಾಲ್ಕು ಸಾಲು ಮಾತ್ರ.

ಸಂಸತ್ತಿನ ಕಥೆಯೂ ಬೇರೆಯಲ್ಲ. 2018ರ ಮಾರ್ಚ್ 14ರಂದು ಲೋಕಸಭೆಯು ಆ ವರ್ಷದ ಹಣಕಾಸು ಮಸೂದೆಯನ್ನು ಚರ್ಚೆಯಿಲ್ಲದೆ ಅಂಗೀಕರಿಸಿತು. ರಾಜಕೀಯ ಪಕ್ಷಗಳು ಪಡೆದ ಕೆಲವು ವಿದೇಶಿ ಮೂಲದ ದೇಣಿಗೆಗಳಿಗೆ 1976ರಿಂದಲೇ ಪೂರ್ವಾನ್ವಯವಾಗುವಂತೆ ರಕ್ಷಣೆ ನೀಡುವ ತಿದ್ದುಪಡಿಯೊಂದು, ತೆರಿಗೆಯ ಕಲಮುಗಳ ಜೊತೆಗೆ, ಅದರೊಳಗೇ ಅಡಗಿತ್ತು. ಹಾಗೆಂದು ಸದಸ್ಯರನ್ನಷ್ಟೇ ದೂರುವುದು ನ್ಯಾಯವಲ್ಲ. 1985ರಲ್ಲಿ ಸಂವಿಧಾನಕ್ಕೆ ಪಕ್ಷಾಂತರ ತಡೆಯುವ ಹತ್ತನೇ ಅನುಸೂಚಿ ಸೇರಿದ ಬಳಿಕ, ಪಕ್ಷದ ವಿಪ್, ಅಂದರೆ ಹೀಗೇ ಮತ ಹಾಕಬೇಕೆಂಬ ಆದೇಶ, ಮೀರಿ ಮತ ಹಾಕಿದವರ ಸದಸ್ಯತ್ವಕ್ಕೇ ಕುತ್ತು ಬರಬಹುದು. ಮಸೂದೆಯನ್ನು ಪೂರ್ತಿ ಓದಿ ಭಿನ್ನಾಭಿಪ್ರಾಯ ತಾಳಿದವನಿಗೆ ಆ ಓದಿನಿಂದ ಆಗುವ ಲಾಭವಾದರೂ ಏನು?

ನಮ್ಮ ಊರುಗಳ ಸೊಸೈಟಿಗಳಲ್ಲಿ ವಿಪ್ಪಿನ ಕೆಲಸವನ್ನು ದಾಕ್ಷಿಣ್ಯವೇ ಮಾಡುತ್ತದೆ. ಬೀಗರೊಬ್ಬರು ಸಾಲಕ್ಕೆ ಜಾಮೀನು ಕೇಳಿದಾಗ, ಗುಮಾಸ್ತರು ‘ಇಲ್ಲೊಂದು ಸಹಿ ಮಾಡ್ರಿ, ಇಲ್ಲೊಂದು’ ಎಂದು ಪುಟ ತಿರುವುತ್ತಿದ್ದರೆ, ನಿಲ್ಲಿಸಿ ಓದುವುದು ಬೀಗರ ಮೇಲಿನ ಅಪನಂಬಿಕೆಯಂತೆ ಕಾಣುತ್ತದೆ. ಆದರೆ 1872ರ ಭಾರತೀಯ ಕರಾರು ಕಾಯ್ದೆಯ 128ನೇ ಕಲಮು ಸ್ಪಷ್ಟವಾಗಿದೆ: ಬೇರೆ ಷರತ್ತು ಬರೆದುಕೊಳ್ಳದಿದ್ದರೆ ಜಾಮೀನುದಾರನ ಹೊಣೆ ಸಾಲಗಾರನ ಹೊಣೆಯಷ್ಟೇ ಇರುತ್ತದೆ. ಸಾಲ ಕೊಟ್ಟವರು ಮೊದಲು ಸಾಲಗಾರನ ಆಸ್ತಿಯನ್ನೇ ಜಪ್ತಿ ಮಾಡಬೇಕೆಂಬ ನಿಯಮವಿಲ್ಲ. ನೇರವಾಗಿ ಜಾಮೀನುದಾರನಿಗೇ ನೋಟಿಸು ಕಳುಹಿಸಬಹುದು. ಆ ನೋಟಿಸನ್ನು ಮಾತ್ರ ಎಲ್ಲರೂ ಅಕ್ಷರ ಬಿಡದೆ ಓದುತ್ತಾರೆ.