ಮೆತ್ತಗಿನ ಸೀಟು, ಕಲಬುರಗಿಯ ಬಿಸಿಲು

ಕಲಬುರಗಿಯಿಂದ ಶಹಾಬಾದಿಗೆ ದಿನವೂ ಬೈಕಿನಲ್ಲಿ ಹೋಗಿಬರುವ ನನಗೆ, ಹಳೆಯ ಸೀಟು ತಗ್ಗುಬಿದ್ದ ಮೇಲೆ ಹೊಸದನ್ನು ಆರಿಸುವ ಕೆಲಸ ಬಂದಿದೆ. ಅಂಗಡಿಯಲ್ಲಿ ಹೆಬ್ಬೆರಳಿನಿಂದ ಒತ್ತಿ ನೋಡಿ, ಮೆತ್ತಗಿರುವುದೇ ಸುಖವೆಂದು ಕೊಳ್ಳುವವರೇ ಹೆಚ್ಚು. ಆದರೆ ತೀರ ಮೆತ್ತಗಿನ ಫೋಮ್ ಸ್ವಲ್ಪ ದೂರ ಹೋಗುವಷ್ಟರಲ್ಲಿ ಪೂರ್ತಿ ಒತ್ತಿಹೋಗಿ, ಮೈಭಾರವೆಲ್ಲ ಕುಂಡಿಯ ಎರಡು ಮೂಳೆಗಳ ಮೇಲೆ ಬಿದ್ದು, ಕೆಳಗಿನ ಗಟ್ಟಿ ತಳವೇ ತಾಗತೊಡಗುತ್ತದೆ. ಮೊದಲಿಗೆ ತುಸು ಬಿರುಸೆನಿಸುವ ಫೋಮ್ ಇರುವ ಅಗಲವಾದ ಸೀಟು ಆ ಭಾರವನ್ನು ತೊಡೆಗಳಿಗೂ ಹಂಚುತ್ತದೆ. ಸೀಟು ಮುಂದಕ್ಕೆ ಇಳಿಜಾರಾಗಿದ್ದರೆ ಬ್ರೇಕ್ ಹಿಡಿದಾಗಲೆಲ್ಲ ಟ್ಯಾಂಕಿನತ್ತ ಜಾರಿ, ಮಣಿಕಟ್ಟು ನೋಯುವುದು ಬೇರೆ.

ನಮ್ಮ ಕಡೆ ಬಿಸಿಲಿನ ಲೆಕ್ಕವನ್ನೂ ಹಾಕಬೇಕು. ಮೇ ತಿಂಗಳಲ್ಲಿ ತಾಪಮಾನ 40 ಡಿಗ್ರಿ ದಾಟುವ ಊರಿನಲ್ಲಿ, ಬಯಲಿಗೆ ನಿಲ್ಲಿಸಿದ ಬೈಕಿನ ಕಪ್ಪು ರೆಕ್ಸಿನ್ ಮಧ್ಯಾಹ್ನಕ್ಕೆ ಕಾದ ಹಂಚಿನಂತಾಗಿರುತ್ತದೆ. ಜೆಲ್ ಪ್ಯಾಡ್ ಆ ಶಾಖವನ್ನು ಬಹಳ ಹೊತ್ತು ಹಿಡಿದಿಟ್ಟುಕೊಳ್ಳುವುದರಿಂದ, ಅಂಗಡಿಯವರು ಎಷ್ಟು ಹೊಗಳಿದರೂ ನಾನು ಬೇಡವೆಂದೆ. ಗಾಳಿಯಾಡುವ ಜಾಲರಿ ಹೊದಿಕೆಯೇ ನನಗೆ ಸಾಕು. ನೋಡಲು ಚೆಂದವಿರುವ ಚೌಕಳಿ ಹೊಲಿಗೆಯೂ ಮಳೆಗಾಲಕ್ಕೆ ಸಲ್ಲದು, ಏಕೆಂದರೆ ಸೂಜಿಯ ತೂತುಗಳಿಂದ ಇಳಿದ ನೀರನ್ನು ಫೋಮ್ ಕುಡಿದು, ಮರುದಿನ ಕುಳಿತವರ ಪ್ಯಾಂಟಿಗೆ ಮರಳಿಸುತ್ತದೆ.

ಉಳಿದದ್ದು ಎತ್ತರ. ದಪ್ಪ ಸೀಟಿನಿಂದ ಕಾಲು ನೆಲಕ್ಕೆ ಎಟಕದಿದ್ದರೆ ಊರಿನ ಸೂಪರ್ ಮಾರ್ಕೆಟ್ ಪೇಟೆಯ ಸಂದಣಿಯಲ್ಲಿ ಗಾಡಿ ನಿಲ್ಲಿಸುವುದೇ ಕಷ್ಟ. ಇನ್ನು ಹಿಂದಿನ ಸೀಟಿನ ವಿಚಾರದಲ್ಲಿ, ಮನೆಯವರು ಕುಳಿತು ಒಪ್ಪಿದ ಮೇಲೆಯೇ ದುಡ್ಡು ಕೊಡಬೇಕೆಂದು ಮನೆಯಲ್ಲಿ ತೀರ್ಮಾನವಾಗಿದೆ.